ಬಾಯಿ ತುಂಬ ನೀರು

ಸೈಕಲ್ ಅಂಗಡಿ,
ಹದಿನಾಲ್ಕನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಈ ಊರಿನ ಸರಕಾರಿ ಶಾಲೆ ಈಗ ನನ್ನೊಬ್ಬನ ಹೆಗಲ ಮೇಲೆ ನಿಂತಿದೆ ಎಂಬ ಸುದ್ದಿ ನಿನ್ನ ತರಬೇತಿ ಕೇಂದ್ರಕ್ಕೂ ಮುಟ್ಟಿರಬೇಕು. ಮೊನ್ನೆ ಸೋಮವಾರ ನಾನು ಮಾಡಿದ ಪಾಠ ಕೇಳಿ ಹೆಡ್‌ಮಾಸ್ತರರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಡಲು ಎದ್ದು ನಿಂತರು. ಪಾಪ, ಇರಲಿ ಕೂತುಕೊಳ್ಳಿ ಎಂದು ನಾನೇ ಕೂರಿಸಿದೆ. ಅದು ಹಾಗಿರಲಿ, ಮೊದಲು ನಿನ್ನ ಆರೋಗ್ಯ ಹೇಳು. ಕೆಮ್ಮು ಹೋಯಿತೇ? ಹಾಸ್ಟೆಲಿನ ಊಟ ಮೈಗೆ ಹತ್ತುತ್ತಿದೆಯೇ? ನಿನ್ನ ಅತ್ತೆಗೆ ಮೊಣಕಾಲು ನೋವು, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ.

ನಿನ್ನ ಕಾಗದ ಸೋಮವಾರ ಬೆಳಿಗ್ಗೆಯೇ ಬಂತು. ನೀನು ಪಾಠ ಮಾಡುವ ವಿಡಿಯೋವನ್ನು ಎಲ್ಲರೆದುರು ಹಾಕಿ ತೋರಿಸಿದರು, ಪ್ರಶ್ನೆ ಕೇಳಿ ಮಕ್ಕಳು ಉಸಿರೆಳೆದುಕೊಳ್ಳುವ ಮೊದಲೇ ಉತ್ತರವನ್ನೂ ನೀನೇ ಹೇಳಿಬಿಡುತ್ತೀ ಎಂದರು, ಅವಮಾನವಾಯಿತು, ಈ ಕೆಲಸವೇ ಬೇಡ, ಶನಿವಾರದ ಬಸ್ಸಿಗೆ ಗಂಟುಮೂಟೆ ಕಟ್ಟಿ ಬರುತ್ತೇನೆ ಎಂದು ಬರೆದಿದ್ದೀಯ. ವರ್ಷಗಟ್ಟಲೆ ಚಾತಕಪಕ್ಷಿಯ ಹಾಗೆ ಕಾದು ಹಿಡಿದ ಕೆಲಸ ಅದು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಮೀನಿನ ಮರಿಗೆ ಈಜು ಕಲಿಸುವುದಕ್ಕೆ ಇವರ್ಯಾರು? ನಿಮ್ಮ ತರಬೇತಿ ನಡೆಸುವ ಪ್ರತಿಷ್ಠಾನದವರು ಇಲ್ಲಿ ಶಾಲೆಗೆ ಕಳಿಸಿರುವ ಆ ಕನ್ನಡಕದ ಮೇಡಂಗೆ ನಾಲ್ಕು ಮಾತು ಆಡಿಯೇ ಬರುತ್ತೇನೆಂದು ಅಂಗಡಿಗೆ ಅರ್ಧ ಬಾಗಿಲು ಎಳೆದು ಶಾಲೆಗೆ ಹೋದೆ.

ಅವರ ಪದ್ಧತಿ ನಿನಗೆ ಗೊತ್ತಲ್ಲ. ಒಬ್ಬ ಟೀಚರನ್ನು ತರಬೇತಿಗೆ ಕರೆಸಿಕೊಂಡರೆ ಅವಳ ತರಗತಿಗೆ ಬೆಳಿಗ್ಗೆ ಅವರ ಕಡೆಯವರೇ ಪಾಠ ಮಾಡುತ್ತಾರೆ. ಮಧ್ಯಾಹ್ನ ಊರಿನ ಕಸುಬಿನವರೊಬ್ಬರು ಬಂದು ತಮ್ಮ ಕೆಲಸ ತೋರಿಸಬೇಕು. ಅಂದು ಬರಬೇಕಾಗಿದ್ದ ದರ್ಜಿ ಕೈಕೊಟ್ಟಿದ್ದ. ಜಗಳಕ್ಕೆ ಹೋದವನ ಕೈಗೆ ಮೇಡಂ ಸೀಮೆಸುಣ್ಣ ಕೊಟ್ಟರು. "ನಿಯಮ ಒಂದೇ, ಯಜಮಾನ್ರೇ. ಪ್ರಶ್ನೆ ಕೇಳಿದ ಮೇಲೆ ಮಕ್ಕಳು ಬಾಯಿ ಬಿಡೋ ತನಕ ನೀವು ಬಿಡಬಾರದು." ಇಷ್ಟೇನಾ ಎಂದು ನಕ್ಕುಬಿಟ್ಟೆ. ತಪ್ಪಿದಾಗಲೆಲ್ಲ ಮಕ್ಕಳು ಚೆಂಡು ಕೊಳ್ಳಲು ಕಾಸು ಕೂಡಿಡುವ ಡಬ್ಬಿಗೆ ನಲವತ್ತು ರೂಪಾಯಿ ದಂಡ ಎಂದು ಮೀಸೆ ತಿರುವಿ ಸಾರಿದವನೂ ನಾನೇ. ಯಾರೂ ಕೇಳಿರಲಿಲ್ಲ.

ಅಂಗಡಿಯಿಂದ ತೂತು ಬಿದ್ದ ಟ್ಯೂಬನ್ನೂ ಒಂದು ಬಕೆಟ್ ನೀರನ್ನೂ ತಂದೆ. ಗಾಳಿ ಹೋಗುತ್ತಿದೆ, ತೂತು ಕಾಣುತ್ತಿಲ್ಲ, ಹುಡುಕುವುದು ಹೇಗೆ ಎಂದು ಕೇಳಿದೆ. ಕೇಳಿದ್ದೇ ತಡ, ನೀರಿನಲ್ಲಿ ಅದ್ದಬೇಕು, ಗುಳ್ಳೆ ಬರುತ್ತದೆ ಎಂದು ಈ ಹಾಳು ಬಾಯಿಯೇ ಹೇಳಿಬಿಟ್ಟಿತು. ಬ್ರೇಕು ಯಾಕೆ ಕಿರುಚುತ್ತದೆ ಎಂದೆ. ಅದಕ್ಕೂ ನಾನೇ ಉತ್ತರ. ಅಷ್ಟರಲ್ಲಿ ಮಕ್ಕಳಿಗೆ ಚೆಂಡಿನ ವಾಸನೆ ಹತ್ತಿತ್ತು. ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡು, ತುಟಿ ಬಿಗಿಹಿಡಿದು ಕುಳಿತರು, ಕಳ್ಳ ನನ್ನ ಮಕ್ಕಳು. ಡಬ್ಬಿ ತುಂಬುತ್ತಾ ಹೋಯಿತು. ಮೇಡಂ ಹಿಂದಿನ ಬೆಂಚಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕೊನೆಗೆ ನನ್ನ ಬುದ್ಧಿ ಓಡಿತು. ನೀರೇ ಸಿಗದ ದಾರಿಯಲ್ಲಿ ಪಂಕ್ಚರ್ ಆದರೆ ತೂತು ಹುಡುಕುವುದು ಹೇಗೆ ಎಂದು ಕೇಳಿದವನೇ ಹೂಜಿಯಿಂದ ಒಂದು ಬಾಯಿ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ನಿಂತೆ. ಮೊದಲು ಎಲ್ಲವೂ ಬಿದ್ದು ಬಿದ್ದು ನಕ್ಕವು. ಆಮೇಲೆ ನಗು ಇಳಿಯಿತು. ಪುಟ್ಟೀ, ಒಲೆಯ ಮೇಲೆ ಹಾಲು ಮೆಲ್ಲಗೆ ಏಳುತ್ತದಲ್ಲ, ಹಾಗೆ ಮಕ್ಕಳ ಮುಖದಲ್ಲಿ ಯೋಚನೆ ಏಳುವುದು ಕಣ್ಣಿಗೆ ಕಾಣುತ್ತದೆ. ಇಷ್ಟು ವಯಸ್ಸಾದರೂ ನಾನು ಅದನ್ನು ನೋಡಿರಲಿಲ್ಲ. ಸುಮ್ಮನಿದ್ದರೆ ತಾನೇ ನೋಡುವುದು. ನನಗೋ ದವಡೆ ನೋಯುತ್ತಿತ್ತು. ಇನ್ನೇನು ನುಂಗಿ ಉತ್ತರ ಹೇಳಬೇಕು, ಆಗ ಬಡಗಿಯ ಮಗಳು ಎದ್ದು ನಿಂತಳು. ವರ್ಷವಿಡೀ ಹಾಜರಿ ಹೇಳುವುದಕ್ಕೆ ಬಿಟ್ಟರೆ ಬಾಯಿ ತೆರೆದಿಲ್ಲ ಎಂದು ನೀನು ಕೊರಗುತ್ತಿದ್ದೆಯಲ್ಲ, ಅವಳೇ.

"ಸೈಕಲ್ ಮಾವ, ನೀರು ನುಂಗಬೇಡಿ. ನಾನಿನ್ನೂ ಯೋಚನೆ ಮಾಡ್ತಿದೀನಿ."

ನುಂಗಲಿಲ್ಲ. ಬಕೆಟ್ಟಿನ ಕಡೆ ನೋಡಿದಳು, ಟ್ಯೂಬಿನ ಕಡೆ ನೋಡಿದಳು. ಕೊನೆಗೆ, ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿದರೆ ತೂತಿನ ಜಾಗದಲ್ಲಿ ತಣ್ಣಗೆ ತಾಗುತ್ತದೆ ಎಂದಳು. ನಾನು ದಾರಿಯಲ್ಲಿ ಮಾಡುವುದೂ ಅದನ್ನೇ. ಉಳಿದ ಮಕ್ಕಳು ದಂಡ ತಪ್ಪಿಸಿದೆ ಎಂದು ಅವಳ ಮೇಲೆ ಮುಗಿಬಿದ್ದರು, ಅವಳು ನಗುತ್ತಿದ್ದಳು.

ಮೇಡಂಗೆ ಆಡಬೇಕೆಂದಿದ್ದ ನಾಲ್ಕು ಮಾತು ಆ ನೀರಿನ ಜೊತೆಗೇ ಹೊಟ್ಟೆಗೆ ಹೋಯಿತು. ನಮ್ಮ ಮನೆತನದ ಬಾಯಿ ನಿನಗೂ ಬಂದಿದೆ, ಅದಕ್ಕೆ ನೀನೇನು ಮಾಡುತ್ತೀ? ನನ್ನ ಪಾಠದ ವಿಡಿಯೋ ತೆಗೆದಿದ್ದರೆ ನಿನ್ನದನ್ನು ಯಾರೂ ನೋಡುತ್ತಿರಲಿಲ್ಲ. ಚೆನ್ನಾಗಿ ಉಣ್ಣು, ಕೆಮ್ಮಿಗೆ ಬಿಸಿನೀರು ಕುಡಿ. ಅತ್ತೆಯ ಆಶೀರ್ವಾದ, ನನ್ನದು ಅದರ ಎರಡರಷ್ಟು.

ನಿನ್ನ ಸೋದರಮಾವ,
ಸದ್ಯಕ್ಕೆ ಮೇಷ್ಟ್ರು

ಲಕೋಟೆ ಅಂಟಿಸುವ ಮೊದಲು: ಬಡಗಿಯ ಮಗಳು ಮನೆಗೆ ಹೊರಟವಳು ತಿರುಗಿ ಬಂದು, "ಟೀಚರ್ ಬಂದ್ಮೇಲೆ ಅವರೂ ಹೀಗೇ ಕಾಯ್ತಾರಾ?" ಎಂದು ಕೇಳಿದಳು. ಕಾಯುತ್ತಾಳೆ, ಅದನ್ನು ಕಲಿಯೋದಕ್ಕೇ ಹೋಗಿದ್ದಾಳೆ ಎಂದುಬಿಟ್ಟೆ. ಶನಿವಾರ ನೀನು ಬಸ್ಸು ಹತ್ತಿದರೆ ನಾನು ಸುಳ್ಳುಗಾರನಾಗುತ್ತೇನೆ. ಬೇರೆಲ್ಲದರಲ್ಲೂ ಆಗುತ್ತೇನೆ, ಇದರಲ್ಲಿ ಬೇಡ. ತರಬೇತಿ ಮುಗಿಸಿಯೇ ಬಾ. ಅಲ್ಲಿಯವರೆಗೆ ಪ್ರತಿ ಸೋಮವಾರ ನಾನೇ ನಿಲ್ಲುತ್ತೇನೆಂದು ಮೇಡಂಗೆ ಮಾತು ಕೊಟ್ಟಿದ್ದೇನೆ. ಚೆಂಡು ಆಗಲೇ ಬಂದಿದೆ, ಮಕ್ಕಳ ಕಣ್ಣು ಈಗ ಗೋಲಿನ ಬಲೆಯ ಮೇಲಿದೆ. ದಂಡ ಎಷ್ಟಾಯಿತು ಎಂದು ನಿನ್ನ ಅತ್ತೆ ಕೇಳಿದ್ದಕ್ಕೆ ಎರಡೇ ಸಲ, ಎಂಬತ್ತು ಅಂದಿದ್ದೇನೆ. ನಿನಗೊಬ್ಬಳಿಗೇ ಹೇಳುತ್ತೇನೆ, ಕಾಗದ ಹರಿದು ಹಾಕು: ಆರುನೂರ ಎಂಬತ್ತು.