ಬೋರಮ್ಮನ ಬದಲಿಗೆ ಜಾಹೀರಾತು

ವಿದ್ಯಾರಣ್ಯಪುರಂ, ಮೈಸೂರು
14 ಜುಲೈ 2025

ಪ್ರೀತಿಯ ನಾಗಾರ್ಜುನ,

ಅಕ್ಕನ ಆಶೀರ್ವಾದ. ಬೆನ್ನುನೋವು ಹೇಗಿದೆ? ಪುಣೆಯಲ್ಲಿ ಮಳೆ ಹಿಡಿದಿದೆಯಂತೆ, ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಬೇಡ. ನಿನ್ನ ಹೆಂಡತಿ ಮಂಜುಶ್ರೀಗೆ ಚಟ್ನಿಪುಡಿ ಕಳಿಸಿದ್ದೇನೆ. ಅವಳಿಗೆ ಮಾತ್ರ. ನಿನ್ನ ಮೇಲೆ ನನಗೆ ಕೋಪವಿದೆ.

ಈ ಸಲದ ಯುಗಾದಿಗೆ ಬಂದಾಗ, ಅಪ್ಪ ಬಿಟ್ಟುಹೋದ ನಮ್ಮಿಬ್ಬರ ಪುಡಿ ಅಂಗಡಿಯಲ್ಲಿ ಕೂತು ನೀನು ಹೇಳಿದ್ದು ನೆನಪಿದೆಯಾ? ಬೋರಮ್ಮ ಇಪ್ಪತ್ತೆರಡು ವರ್ಷದಿಂದ ಮನೆ ಮನೆಗೆ ಹೊತ್ತು ಮಾರುವುದೆಲ್ಲ ಹಳೇ ಕಾಲದ್ದು, ಅವಳ ಸಂಬಳವನ್ನು ಆನ್‌ಲೈನ್ ಜಾಹೀರಾತಿಗೆ ಹಾಕು, ಯಾರಿಗೆ ಹುಳಿಪುಡಿ ಬೇಕೋ ಅವರನ್ನೇ ಹುಡುಕಿ ತೋರಿಸುತ್ತದೆ ಎಂದೆ. ಮಕ್ಕಳಿಗೆ ಇದನ್ನೇ ಪಾಠ ಮಾಡುವ ಮೇಷ್ಟ್ರು ನೀನು, ನಂಬಿದೆ. ಬೋರಮ್ಮನಿಗೆ ಎದುರು ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಫೋನು ತೆಗೆದುಕೊಂಡು, ನಾಳೆಯಿಂದ ಬರಬೇಡಿ ಎಂದು ನೀನೇ ಮೆಸೇಜು ಕಳಿಸಿದೆ. ನಾನು ನೋಡುತ್ತಾ ಕೂತೆ.

ಜಾಹೀರಾತು ಒತ್ತಿ ದಿನಕ್ಕೆ ಹದಿನೈದು ಇಪ್ಪತ್ತು ಜನ ಆರ್ಡರ್ ಮಾಡಿದರು. ನಾನೂ ಹಿಗ್ಗಿದೆ. ಜೂನ್‌ನಲ್ಲಿ, ಜಾಹೀರಾತಿಗೆ ಹಣ ಹೋಗುತ್ತಿದ್ದ ನನ್ನ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಜಾಹೀರಾತು ನಿಂತುಹೋಗಿತ್ತು. ಎರಡು ವಾರ ಅದು ಗೊತ್ತೇ ಆಗಲಿಲ್ಲ, ಯಾಕೆಂದರೆ ಆರ್ಡರ್ ಕಡಿಮೆಯೇ ಆಗಿರಲಿಲ್ಲ. ತಲೆ ಕೆಟ್ಟು, ಕೊಂಡವರಿಗೆಲ್ಲ ಫೋನು ಮಾಡಿ ಕೇಳಿದೆ. ಹೆಚ್ಚಿನವರು ಬೋರಮ್ಮನ ಹಳೇ ಗಿರಾಕಿಗಳೇ. ಹಿಂದಿನ ರಸ್ತೆಯ ರಮಾಮಣಿ ಹೇಳಿದರು: "ಬೋರಮ್ಮ ಬರೋದು ನಿಂತ್ಹೋಯ್ತಲ್ಲ, ನಿಮ್ಮ ಅಂಗಡಿ ಹೆಸರು ಹಾಕಿ ಹುಡುಕ್ದೆ ಕಣ್ರೀ. ಮೇಲ್ಗಡೆ ಜಾಹೀರಾತು ಬಂತು, ಒತ್ತಿದೆ. ಅದಿಲ್ದಿದ್ರೆ ಅದರ ಕೆಳಗಿರೋದನ್ನ ಒತ್ತುತಿದ್ದೆ." ಹೇಗೂ ನಮ್ಮ ಬಾಗಿಲಿಗೆ ಬರುತ್ತಿದ್ದವರಿಂದ ಒತ್ತಿಸಿ, ಒತ್ತಿದ್ದಕ್ಕೆಲ್ಲ ಜಾಹೀರಾತಿನವರು ನನ್ನಿಂದ ಹಣ ಕಿತ್ತಿದ್ದಾರೆ. ಹೊಸಬರು ಎಷ್ಟು ಗೊತ್ತಾ? ನಾಲ್ಕೇ ಜನ. ಫೋನು ಹಿಡಿಯಲು ಬಾರದ ಅಜ್ಜಿಯರು ನಮ್ಮನ್ನು ಬಿಟ್ಟೇಬಿಟ್ಟರು.

ನಿನ್ನೆ ಕುಂಬಾರಕೊಪ್ಪಲಿಗೆ ಹೋಗಿ ಬೋರಮ್ಮನ ಬಾಗಿಲಲ್ಲಿ ನಿಂತೆ. ಬಯ್ಯಲಿಲ್ಲ, ಕಾಫಿ ಕೊಟ್ಟಳು. ಆ ಮೆಸೇಜನ್ನು ಅವಳ ಮಗಳು ಬಿಂದು ಓದಿ ಹೇಳಿದಳಂತೆ. "ಸಾಕು ಬೋರಮ್ಮ ಅಂತ ನೀವೇ ಅಂದಿದ್ರೆ ಬುಟ್ಬುಡ್ತಿದ್ದೆ ಕಣವ್ವ. ನನ್ ಮಗಳ ಬಾಯಲ್ಲಿ ಹೇಳಿಸ್ಬುಟ್ರಲ್ಲ" ಎಂದಳು. ಸಿಟ್ಟೆಲ್ಲ ನಿನ್ನ ಮೇಲೆ ಹಾಕುವುದು ಸುಲಭ. ಅರ್ಧ ನನಗೇ ಸೇರಬೇಕು.

ಮಂಜುಶ್ರೀಯನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಪ್ರೇಮಲೀಲಾ

ಬರೆಯಲು ಮರೆತೆ: ಬೋರಮ್ಮ ಮತ್ತೆ ಬರುತ್ತಾಳೆ, ಆದರೆ ಸಂಬಳಕ್ಕಲ್ಲ, ಪಾಲಿಗೆ. ಅಂಗಡಿಯಲ್ಲಿ ನಿನಗಿರುವ ಅರ್ಧವನ್ನು ಅವಳಿಗೆ ಬರೆದುಕೊಡುವ ಕಾಗದ ಇದರೊಳಗಿದೆ, ಸಹಿ ಮಾಡಿ ಈ ವಾರವೇ ಕಳಿಸು. ಕೊಡಲು ಮನಸ್ಸಿಲ್ಲದಿದ್ದರೆ ನನ್ನರ್ಧ ಕೊಟ್ಟುಬಿಡುತ್ತೇನೆ. ಆಮೇಲೆ ಅವಳ ಜೊತೆ ಕೂತು ನೀನೇ ಅಂಗಡಿ ನಡೆಸು.