ಸೋಲಾಪುರಕ್ಕೆ ಹೊರಡುವ ಮುನ್ನದ ಒಂದು ತಾಸು

ಬಿಬವೇವಾಡಿ, ಪುಣೆ
ಮೇ ೧೯೮೬

ಶಿವಗಂಗವ್ವನವರಿಗೆ ನಮಸ್ಕಾರ.

ಹೋದ ವಾರ ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ನಿಮ್ಮ ತಮ್ಮ ರಾಮಲಿಂಗಪ್ಪ ಸಿಕ್ಕರು. ನೀವು ಫ್ಯಾಕ್ಟರಿ ಬಿಟ್ಟು ಆಳಂದದಲ್ಲಿ ಮಗಳ ಮನೆಯಲ್ಲಿದ್ದೀರಿ ಎಂದು ವಿಳಾಸ ಬರೆದುಕೊಟ್ಟರು. ಈ ಪತ್ರವನ್ನು ಮೊಮ್ಮಗಳು ನಿಮಗೆ ಓದಿ ಹೇಳುತ್ತಾಳಂತೆ. ಆಕೆಯೂ ಕೇಳಲಿ. ಇದರಲ್ಲಿ ನನ್ನ ಮರ್ಯಾದೆ ಹೆಚ್ಚಿಸುವ ಮಾತು ಕಡಿಮೆ.

ಚಿಂಚವಾಡದ ಚಾಳಿನಲ್ಲಿ ನಾವು ಎದುರುಬದುರಿಗಿದ್ದ ದಿನಗಳು. ೧೯೭೪ರ ಮೇ ತಿಂಗಳು, ರೈಲು ಮುಷ್ಕರ. ನನ್ನ ಹೆಂಡತಿ ಪ್ರಫುಲ್ಲಾಳ ತಾಯಿಗೆ ವಿಪರೀತವಾಗಿದೆ ಎಂದು ಸಂಜೆ ಸೋಲಾಪುರದಿಂದ ತಂತಿ ಬಂತು. ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಉಳಿದದ್ದು ನನ್ನ ಸೆಕೆಂಡ್ ಹ್ಯಾಂಡ್ ಫಿಯೆಟ್ ಒಂದೇ. ಅದೋ ಒಂದು ವಾರದಿಂದ ಕರಿ ಹೊಗೆ ಬಿಡುತ್ತ, ಸಣ್ಣ ಏರಿಗೂ ಏದುಸಿರು ಬಿಡುತ್ತಿತ್ತು.

ಎಂಜಿನ್ನಿನ ಏರ್ ಫಿಲ್ಟರ್ ಬಿಚ್ಚಿ ನೋಡಿದೆ. ಮಸಿಯಂತೆ ಕಪ್ಪಗಿತ್ತು. ನಮ್ಮ ಆಫೀಸಿನ ಅಂಬಾಸಡರ್ ಡ್ರೈವರು ಅದರ ತಂತಿಜಾಳಿಗೆಯ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದನ್ನು ಕಂಡಿದ್ದೆ. ನನ್ನದು ಕಾಗದದ್ದು ಎಂಬ ವ್ಯತ್ಯಾಸ ತಲೆಗೆ ಹೋಗಲಿಲ್ಲ. ಸಾಬೂನು ಹಚ್ಚಿ ತಿಕ್ಕಿ, ಹಿಂಡಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ತೂಗುಹಾಕಿದೆ. ಬೆಳಿಗ್ಗೆ ನೋಡಿದರೆ ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಅಲ್ಲಲ್ಲಿ ಹರಿದುಹೋಗಿದ್ದವು.

ಸೀರೆ ಒಣಹಾಕಲು ಬಂದ ನೀವು ಅದನ್ನು ನೋಡಿ ನಕ್ಕುಬಿಟ್ಟಿರಿ. "ಏನ್ರೀ ಸಾಹೇಬ್ರ, ಕಾಗದಕ್ಕ ಸಾಬಣ ಹಚ್ಚೀರಿ? ಇನ್ನ ಇಸ್ತ್ರಿನೂ ಮಾಡ್ತೀರೇನು?"

ನನಗೆ ಸಿಟ್ಟು ಬಂತು. ನಿಮಗೇನು ಗೊತ್ತು ಎಂದೆ. ನೀವು ಬೇಸರಿಸಲಿಲ್ಲ. "ಐದು ವರ್ಷಾತ್ರಿ, ದಿನಾ ಇಂಥವು ಮಡಚೋದ ನನ್ನ ಕೆಲಸ," ಎಂದಿರಿ. ಎದುರುಮನೆಯವರು ಯಾವ ಫ್ಯಾಕ್ಟರಿಯಲ್ಲಿ ಏನು ಮಾಡುತ್ತಾರೆಂದು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಪಿಂಪ್ರಿಯ ಅಂಗಡಿಯಿಂದ ಹೊಸದನ್ನು ತಂದೆ. ನೀವು ಅದನ್ನು ಬಿಸಿಲಿಗೆ ಹಿಡಿದು, ನಿಧಾನವಾಗಿ ತಿರುಗಿಸಿ, ಅಂಟಿನ ಬಳಿಯ ಒಂದು ಮಡಿಕೆಗೆ ಉಗುರು ತಾಗಿಸಿದಿರಿ. ಸೂಜಿಮೊನೆಯಷ್ಟು ಬೆಳಕು. "ಇದು ನಡಿಯಂಗಿಲ್ಲ. ಬ್ಯಾರೆ ತರ್‍ರಿ."

ಪ್ರಫುಲ್ಲಾ ಕಟ್ಟಿದ ಚೀಲದ ಮೇಲೆ ಕೂತಿದ್ದಳು. ಒಮ್ಮೆಲೇ ಕೂಗಿದಳು: "ಅಕ್ಕಾ, ಅಲ್ಲಿ ನಮ್ಮವ್ವ ಹೊಂಟಾಳ, ನೀವು ತೂತು ಹುಡಕ್ತೀರಿ!" ಫಿಲ್ಟರ್ ಇಲ್ಲದೆಯೇ ಹೋಗೋಣ ಎಂದು ನಾನೂ ಅಂದೆ.

ನೀವು ಅವಳ ಪಕ್ಕ ಕೂತಿರಿ. "ತಂಗಿ, ದಾರಿ ತುಂಬ ಬ್ಯಾಸಗಿ ಧೂಳ ಅದ. ಧೂಳ ತಿಂದು ಗಾಡಿ ಭಿಗವಣದಾಗ ಕುಂತ್ರ ಅವ್ವನ ಮಾರಿ ಹ್ಯಾಂಗ ನೋಡ್ತಿ? ಒಂದು ತಾಸು ತಡ್ಕೋ."

ಆ ತಾಸು ಹೋಯಿತು. ಮತ್ತೆ ಪಿಂಪ್ರಿಗೆ ಹೋಗಿ ತಂದ ಎರಡನೆಯ ಫಿಲ್ಟರಿನಲ್ಲಿ ಬೆಳಕು ಕಾಣಲಿಲ್ಲ. ಫಿಲ್ಟರ್ ಕೂರಿಸುವ ಡಬ್ಬಿಯೊಳಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿಸಿದಿರಿ, ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಲು ಹೇಳಿದಿರಿ. ನೀವೇ ಹಾಕಿಕೊಡಿ ಎಂದರೆ ಒಪ್ಪಲಿಲ್ಲ. "ನೀವ ಹಾಕ್ರಿ. ದಾರ್‍ಯಾಗ ನಾ ಇರ್ತೀನೇನು?" ಕಾರಿನಲ್ಲಿ ಒಮ್ಮೆಯೂ ಕೂತಿರದ ನೀವು ಆ ಎಂಜಿನ್ನಿನ ಸದ್ದು ಕೇಳಿ ತಲೆಯಾಡಿಸಿದ ಮೇಲೆ ನಾವು ಹೊರಟೆವು.

ಭಿಗವಣ ದಾಟಿದೆವು, ಇಂದಾಪುರ ದಾಟಿದೆವು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೋಲಾಪುರ ಸೇರಿದಾಗ ಅತ್ತೆಗೆ ಇನ್ನೂ ಎಚ್ಚರವಿತ್ತು. "ಬಂದ್ಯಾ ಪ್ರಫುಲ್ಲಿ? ಉಂಡ್ಯೋ ಇಲ್ಲೋ?" ಎಂದು ಕೇಳಿದರು. ಮರುದಿನ ಮಧ್ಯಾಹ್ನದವರೆಗೆ ಮಗಳ ಕೈ ಹಿಡಿದುಕೊಂಡೇ ಇದ್ದರು. ಆಮೇಲೆ ಹೋದರು.

ಸಾವಿನ ಮನೆಗೆ ಬಂದವರು, ಮುಷ್ಕರದಲ್ಲಿ ಹೇಗೆ ಬಂದಿರಿ ಎಂದು ಕೇಳುತ್ತಿದ್ದರು. ಗಾಡಿ ಕೆಟ್ಟಿತ್ತು, ನಾನೇ ಸರಿಮಾಡಿಕೊಂಡು ಬಂದೆ ಎಂದೆ. ಒಮ್ಮೆ ಅಲ್ಲ, ನಾಲ್ಕಾರು ಸಲ. ಪ್ರಫುಲ್ಲಾಳಿಗೂ ಅದು ಕೇಳಿಸಿತ್ತು. ಆ ಸುಳ್ಳಿನಿಂದಲೇ ಇರಬೇಕು, ಹಿಂತಿರುಗಿದ ಮೇಲೆ ನಿಮ್ಮ ಎದುರು ನಿಂತು ಒಂದು ಮಾತಾಡಲೂ ನನಗಾಗಲಿಲ್ಲ. ವರ್ಷ ತುಂಬುವುದರೊಳಗೆ ಮನೆ ಬದಲಿಸಿದೆವು.

ಮೊನ್ನೆ ನಿಮ್ಮ ವಿಳಾಸ ತೋರಿಸಿದಾಗ ಪ್ರಫುಲ್ಲಾ ಹನ್ನೆರಡು ವರ್ಷ ಹೇಳದಿದ್ದ ಒಂದು ಸಂಗತಿ ಹೇಳಿದಳು. ಸೋಲಾಪುರ ಸೇರಿದ ಆ ಸಂಜೆ ನಾನು ಹೊರಗೆ ಕಾರಿನ ಬಳಿ ಇದ್ದಾಗ ಅತ್ತೆ, "ರೈಲಗಾಡಿ ಇಲ್ಲ, ಏನಿಲ್ಲ, ನಿನ್ನ ಯಾರು ಮುಟ್ಟಿಸಿದ್ರವ್ವ?" ಎಂದು ಕೇಳಿದರಂತೆ. ಅವಳು ನನ್ನ ಹೆಸರು ಹೇಳಲಿಲ್ಲ, ಶಿವಗಂಗವ್ವ ಎಂದಳಂತೆ. ಅತ್ತೆ ಕಣ್ಣು ಮುಚ್ಚಿಕೊಂಡೇ ನಿಮಗೆ ಒಂದು ಮಾತು ಹೇಳಿಕಳಿಸಿದ್ದರು. ಮುಟ್ಟಿಸುವುದು ತಡವಾಯಿತು. ತಪ್ಪು ಅವಳದಲ್ಲ, ನನ್ನ ಸುಳ್ಳಿನದು.

ಅವರ ಮಾತನ್ನು ಅವರು ಆಡಿದಂತೆಯೇ ಬರೆಯುತ್ತಿದ್ದೇನೆ: "ಆಕಿ ಹೊಟ್ಟಿ ತಣ್ಣಗಿರ್ಲಿ."

ನಿಮ್ಮ ಋಣದಲ್ಲಿರುವ,
ಎದುರುಮನೆಯ ಮೋಹನದಾಸ್