ಪೂನಂ ಸಾಕಿದ ಪಾರಿವಾಳಗಳು

ಬಸವಕಲ್ಯಾಣ
೧೨ ಜನವರಿ ೨೦೨೫

ಪ್ರೀತಿಯ ತಂಗಿ ವಿದ್ಯಾವತಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನು ಮಾಡೋಣವೆಂದರೆ ಮಾತಿಗಿಂತ ಮುಂಚೆ ಕೆಮ್ಮು ಬರುತ್ತದೆ. ಬರೆಯುವಾಗ ನಡುನಡುವೆ ಸುಧಾರಿಸಿಕೊಳ್ಳಬಹುದು. ಆ ಹೈದರಾಬಾದಿನಲ್ಲಿ ಹೊತ್ತಿಗೆ ಉಣ್ಣುತ್ತೀಯೋ ಇಲ್ಲವೋ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೀಯಲ್ಲ, ನನ್ನ ಶಾಣ್ಯಾಕಿ! ಪುಟಗಟ್ಟಲೆ ಜೀನು, ಜೀವಕೋಶ.

ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಪಾರಿವಾಳದ ಹಿಕ್ಕೆಯ ಧೂಳು ಹೋಗಿ ಹೋಗಿ ನನ್ನ ಶ್ವಾಸಕೋಶ ಊದಿಕೊಂಡಿದೆ. ಊತ ಬಹಳ ಕಾಲ ನಿಂತರೆ ಅಲ್ಲಿನ ಜೀವಕೋಶಗಳೊಳಗೆ ಸುಮ್ಮನಿರಬೇಕಾದ ಜೀನುಗಳು ಎದ್ದು ಕೂಡುತ್ತವೆ. ಗಾಯ ಮಾಯಿಸಲೆಂದು ನಾರು ಹೆಣೆಯಲು ಹತ್ತಿದರೆ ಸಾಕೆಂದರೂ ಕೇಳುವುದಿಲ್ಲ. ಅರಳಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತದೆ. ಧೂಳು ತಪ್ಪಿಸಿದರೆ ಉಳಿದಷ್ಟು ಉಳಿದೀತು, ಕೆಟ್ಟದ್ದು ಮಾತ್ರ ಮತ್ತೆ ಮೊದಲಿನಂತಾಗದು. ಹೌದಲ್ಲ?

ಡಾಕ್ಟರರೂ ಅದನ್ನೇ ಅಂದರು. "ಪಾರಿವಾಳ ಬಿಡ್ರಿ ಅಮ್ಮಾರ. ಇಲ್ಲಾಂದ್ರ ನೀವು ಉಳಿಯೂದಿಲ್ಲ."

ನಿನ್ನ ಭಾವ ಹಟ ಹಿಡಿದರು. "ನಮ್ಮ ಪೂನಂ ಸಾಕಿದ್ದವು, ಬ್ಯಾಡ್ರಿ" ಎಂದು ನಾನು ಅತ್ತುಬಿಟ್ಟೆ. "ಮಗಳಂತೂ ಹೋದಳು. ನೀನೂ ಹೊಂಟೀಯೇನ?" ಎಂದು ಗದರಿದರು. ಗದರುವಾಗ ಅವರ ಕಣ್ಣೂ ತುಂಬಿತ್ತು. ಪಾರಿವಾಳಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಹುಮನಾಬಾದಿಗೆ ಒಯ್ದು ಬಿಟ್ಟುಬಂದರು. ಮಾಳಿಗೆ ತೊಳೆಸಿ ಗೂಡಿಗೆ ಜಾಲರಿ ಹೊಡೆಸಿದರು. ಪಕ್ಕದ ಮನೆಯ ಇಶ್ರತ್, "ಅಣ್ಣಾರ, ಕಬೂತರಕ್ಕ ಮನಿ ದಾರಿ ಯಾರರ ಹೇಳಿಕೊಡಬೇಕೇನ್ರಿ?" ಎಂದು ನಕ್ಕಳು. ಇವರು ಅವಳ ಮೇಲೂ ಸಿಡಿದರು.

ಅಂತೂ ನೀನು ಹೇಳಿದಂತೆ ಆಯಿತು, ನಿಶ್ಚಿಂತಳಾಗಿರು. ರೊಟ್ಟಿ ಬಡಿಯಲು ನನ್ನಿಂದಾಗದು. ನಿನ್ನ ಭಾವನೇ ಅನ್ನ ಮಾಡುತ್ತಾರೆ, ಅದು ಅನ್ನವೋ ಗಂಜಿಯೋ ದೇವರೇ ಬಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಕಣ್ಣು ಕತ್ತಲೆ ಬರುತ್ತದೆ. ಈ ಜೀವ ಸಾಕಾಗಿದೆ, ವಿದ್ಯಾ. ನಿನ್ನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಅನ್ನಲಿ?

ನೀನು ಕಲಿತದ್ದು ಸಾರ್ಥಕವಾಗಲಿ, ಯಾರದೋ ಮನೆಯ ಉಸಿರು ನಿನ್ನಿಂದ ಉಳಿಯಲಿ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸೂಗಮ್ಮ

ತಾ.ಕ.: ನಿನ್ನ ಭಾವನಿಗೆ ಹೇಳಬೇಡ. ಅವರು ಅಂಗಡಿಗೆ ಹೋದಾಗ ಪಾರಿವಾಳಗಳೆಲ್ಲ ಬಂದು ಜಾಲರಿಯ ಮೇಲೆ ಕುಳಿತವು. ಜ್ವರವೆಂದು ಪೂನಂಳನ್ನು ಆಸ್ಪತ್ರೆಗೆ ಒಯ್ದದ್ದೂ ಹುಮನಾಬಾದಿಗೇ ಅಲ್ಲವೇ? "ಯವ್ವಾ, ನಾ ಬರೂತನಾ ಅವಕ್ಕ ಜ್ವಾಳ ಹಾಕು" ಎಂದು ಹೇಳಿ ಹೋದವಳು ಬರಲಿಲ್ಲ. ಅವು ಬಂದವು. ನಾನು ಮೆಟ್ಟಿಲು ಮೆಟ್ಟಿಲಿಗೂ ಕುಳಿತು ಮಾಳಿಗೆ ಹತ್ತಿ ಜಾಲರಿ ಬಿಚ್ಚಿದೆ. ದಿನಾ ಜೋಳ ಹಾಕುತ್ತಿದ್ದೇನೆ.